ಹೂತಿಟ್ಟ ಗುಟ್ಟಿನ ಕಾದಂಬರಿ ಬರೆಯುವುದು ಹೇಗೆ: ಗೋಥಿಕ್ ಕುಟುಂಬ ರಹಸ್ಯಕ್ಕೊಂದು ಸಮಗ್ರ ಮಾರ್ಗದರ್ಶಿ

ಹಳೆಯ ಮನೆ, ಬಾಗಿಲು ಮುಚ್ಚಿದ ಕೋಣೆ, ಯಾರೂ ಹೆಸರೆತ್ತದ ಒಬ್ಬ ಹೆಂಗಸು. ಇಷ್ಟು ಕೈಯಲ್ಲಿದ್ದರೆ ಕಾದಂಬರಿ ಶುರು ಮಾಡಬಹುದು. ಮುಗಿಸುವುದೇ ಕಷ್ಟ. ಮೊದಲ ಐವತ್ತು ಪುಟ ಮಂಜು, ಮಳೆ, ಕಿರುಗುಟ್ಟುವ ಮೆಟ್ಟಿಲುಗಳಲ್ಲಿ ಕಳೆಯುತ್ತದೆ. ಆಮೇಲೆ ಮುಂದೇನು ಅಂತ ಬರೆಯುವವರಿಗೇ ಹೊಳೆಯುವುದಿಲ್ಲ. ಗುಟ್ಟು ಏನು ಅಂತ ಅವರು ಯೋಚಿಸಿರುತ್ತಾರೆ. ಅದನ್ನು ಇಷ್ಟು ವರ್ಷ ಯಾರು ಕಾದರು, ಹೇಗೆ ಕಾದರು ಅಂತ ಯೋಚಿಸಿರುವುದಿಲ್ಲ.

ಕುಟುಂಬದ ಗುಟ್ಟನ್ನು ಒಮ್ಮೆ ಹೂತು ಸುಮ್ಮನಾಗಲು ಆಗುವುದಿಲ್ಲ. ದಿನವೂ ಯಾರಾದರೂ ಸುಳ್ಳು ಹೇಳಬೇಕು, ಯಾರಿಗಾದರೂ ದುಡ್ಡು ಕೊಡಬೇಕು, ಮಕ್ಕಳು ಪ್ರಶ್ನೆ ಕೇಳಿದಾಗ ಮಾತು ತಿರುಗಿಸಬೇಕು. ಕಾದಂಬರಿ ಹುಟ್ಟುವುದು ಈ ಕಾಯುವ ಕೆಲಸದಲ್ಲಿ. ಮುಂದೆ ಹೇಳುವ ಪ್ರತಿ ಹಂತವೂ ಇದರ ಮೇಲೇ ನಿಂತಿದೆ.

ಇದು ಹೊಸ ಮಾತೇನಲ್ಲ. 1764ರ ಕೊನೆಯಲ್ಲಿ ಇಂಗ್ಲೆಂಡಿನ ಲೇಖಕ ಹೊರೇಸ್ ವಾಲ್‌ಪೋಲ್ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಪ್ರಕಟಿಸಿದರು. ಹಳೆಯ ಕಟ್ಟಡ, ಭಯ, ಹೂತಿಟ್ಟ ಪಾಪ ಇವುಗಳ ಸುತ್ತ ಹೆಣೆಯುವ ಗೋಥಿಕ್ ಕಾದಂಬರಿಗಳ ಸಾಲು ಅಲ್ಲಿಂದ ಶುರು ಅಂತ ಸಾಮಾನ್ಯವಾಗಿ ಎಣಿಸುತ್ತಾರೆ. ಅದರಲ್ಲಿ ದೈತ್ಯ ಗಾತ್ರದ ಶಿರಸ್ತ್ರಾಣ ಮೇಲಿಂದ ಬೀಳುತ್ತದೆ, ಗೋಡೆಯ ಚಿತ್ರ ಚೌಕಟ್ಟಿನಿಂದ ಇಳಿದು ನಡೆಯುತ್ತದೆ. ಅದೆಲ್ಲ ತೆಗೆದುಹಾಕಿದರೆ ಉಳಿಯುವ ಕಥೆ ಸರಳ. ತಾತ ತನ್ನ ಒಡೆಯನಿಗೆ ವಿಷ ಹಾಕಿ ಸುಳ್ಳು ಉಯಿಲು ಮಾಡಿದ್ದ. ಮೊಮ್ಮಗ ಆ ಕೋಟೆಯನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳಲು ಒದ್ದಾಡುತ್ತಿದ್ದಾನೆ. ಕೊಲೆ ಮುಗಿದು ಎರಡು ತಲೆಮಾರು ಕಳೆದಿದೆ, ಕಾಯುವ ಕೆಲಸ ಮಾತ್ರ ಮುಗಿದಿಲ್ಲ.

ವಿವರಿಸಲು ಒಂದು ಮಾದರಿ ಕಥೆ ಬೇಕು. ಇಲ್ಲಿಗೆಂದೇ ಒಂದನ್ನು ಕಟ್ಟಿಕೊಳ್ಳೋಣ. ಒಂದು ದೊಡ್ಡ ಹಳೆಯ ಮನೆ. ಅಜ್ಜಿ ಬದುಕಿದ್ದಾಳೆ. ಅಜ್ಜಿಯ ಅಕ್ಕ, ಅಂದರೆ ದೊಡ್ಡಜ್ಜಿ, 21ನೇ ವಯಸ್ಸಿನಲ್ಲಿ ಜ್ವರದಿಂದ ಸತ್ತಳು ಅಂತ ಮನೆಯವರೆಲ್ಲ ನಂಬಿದ್ದಾರೆ. ಹಿತ್ತಲಲ್ಲಿ ಗೋಡೆ ಕಟ್ಟಲು ಪಾಯ ತೋಡುವಾಗ ಒಂದು ಅಸ್ಥಿಪಂಜರ ಸಿಗುತ್ತದೆ.

ಹಂತ 1: ಹೂತದ್ದನ್ನು ಮೊದಲು ಬರೆದು ಮುಗಿಸಿ

ಓದುಗರಿಗೆ ಎಂದೂ ತೋರಿಸದ ನಾಲ್ಕೈದು ಪುಟ ಬರೆಯಿರಿ. ಹಳೆಯ ಕಥೆ, ನೇರ ಕ್ರಮದಲ್ಲಿ, ಅಲಂಕಾರ ಇಲ್ಲದೆ. ಮಂಜು ಬೇಡ, ನಿಟ್ಟುಸಿರು ಬೇಡ. ಯಾರು, ಯಾವಾಗ, ಯಾಕೆ, ಅಷ್ಟೇ.

ನಮ್ಮ ಮಾದರಿಯಲ್ಲಿ ಅದು ಹೀಗಿದೆ. ದೊಡ್ಡಜ್ಜಿ ಹುಟ್ಟಿದ್ದು 1930ರಲ್ಲಿ, ಅಜ್ಜಿ 1932ರಲ್ಲಿ. ಮದುವೆಯಾಗದ ದೊಡ್ಡಜ್ಜಿ 1951ರಲ್ಲಿ ಬಸಿರಾದಳು. ಅವಳ ಅಪ್ಪ, ಅಂದರೆ ಮುತ್ತಜ್ಜ, ಒಂದು ತೀರ್ಮಾನ ಮಾಡಿದ. ದೊಡ್ಡಮಗಳು ಜ್ವರದಿಂದ ಸತ್ತಳು ಅಂತ ಊರಿಗೆ ಹೇಳುವುದು. ಹುಟ್ಟುವ ಮಗುವನ್ನು ಆಗಷ್ಟೇ ಮದುವೆಯಾಗಿದ್ದ ಚಿಕ್ಕಮಗಳ ಮಗು ಅಂತ ಸಾಕುವುದು. ದೊಡ್ಡಜ್ಜಿಯನ್ನು ದೂರ ಎಲ್ಲಿಗಾದರೂ ಕಳಿಸುವ ಯೋಚನೆ ಇತ್ತು. ಅವಳು ಒಪ್ಪಲಿಲ್ಲ. ಮಗು ಕಣ್ಣಿಗೆ ಬೀಳುವಷ್ಟು ಹತ್ತಿರ ಇರಲು ಬಿಟ್ಟರೆ ಸತ್ತವಳಂತೆ ಬದುಕುತ್ತೇನೆ ಅಂದಳು. ಮಹಡಿಯ ಹಿಂದಿನ ಕೋಣೆಯಲ್ಲಿ ಉಳಿದಳು. ಮಗು 1952ರಲ್ಲಿ ಹುಟ್ಟಿತು. 1963ರಲ್ಲಿ, 33ನೇ ವಯಸ್ಸಿನಲ್ಲಿ, ದೊಡ್ಡಜ್ಜಿ ನಿಜವಾಗಿ ಕಾಯಿಲೆ ಬಿದ್ದಳು. ಡಾಕ್ಟರನ್ನು ಕರೆದರೆ ಎಲ್ಲ ಬಯಲಾಗುತ್ತಿತ್ತು. ಕರೆಯಲಿಲ್ಲ. ಬೇಡ ಅಂದವಳು ಅಜ್ಜಿ. ದಾಖಲೆಯಲ್ಲಿ ಒಮ್ಮೆ ಸತ್ತವಳು ಎರಡನೇ ಸಲ ಸಾಯುವ ಹಾಗಿಲ್ಲ. ರಾತ್ರೋರಾತ್ರಿ ಹಿತ್ತಲಲ್ಲಿ ಹೂತರು.

ಇಲ್ಲಿ ಕೊಲೆ ಇಲ್ಲ. ಆದರೂ ಒಬ್ಬಳ ಜೀವ ಹೋಯಿತು. ಅವಳನ್ನು ಕೊಂದದ್ದು ಮೂಲ ಗುಟ್ಟಲ್ಲ, ಗುಟ್ಟನ್ನು ಕಾಯಬೇಕೆಂಬ ಹಟ. ನಿಮ್ಮ ಕಥೆಯಲ್ಲೂ ಎರಡು ಪದರ ಇರಲಿ. ಮೊದಲ ತಪ್ಪು ಒಂದು, ಅದನ್ನು ಮುಚ್ಚಲು ಹೋಗಿ ಆದ ಎರಡನೇ ತಪ್ಪು ಇನ್ನೊಂದು. ಎರಡನೆಯದು ದೊಡ್ಡದಾಗಿದ್ದರೆ ಕಾದಂಬರಿಗೆ ತೂಕ ಬರುತ್ತದೆ. ಮೊದಲನೆಯದೇ ದೊಡ್ಡದಾದರೆ ಅದು ಬಯಲಾದ ತಕ್ಷಣ ಕಥೆ ಸಪ್ಪೆಯಾಗುತ್ತದೆ.

ಬರೆದಾದ ಮೇಲೆ ಒಂದು ತಾರೀಖಿನ ಪಟ್ಟಿ ಮಾಡಿ. ಒಂದು ಕಡೆ ಇಸವಿ, ಅದರ ಎದುರು ಪ್ರತಿಯೊಬ್ಬರ ವಯಸ್ಸು. ಈ ಜಾತಿಯ ಕಾದಂಬರಿ ಎಡವುವುದು ಹೆಚ್ಚಾಗಿ ಇಲ್ಲೇ. 2014ರಲ್ಲಿ ಎಲುಬು ಸಿಕ್ಕರೆ ಅಜ್ಜಿಗೆ 82, ಆ ಮಗುವಿಗೆ, ಅಂದರೆ ಕಥೆ ಹೇಳುವ ಮೊಮ್ಮಗಳ ಅಪ್ಪನಿಗೆ, 62. ದೊಡ್ಡಜ್ಜಿ ಸತ್ತಾಗ ಅಪ್ಪನಿಗೆ 11. ಹನ್ನೊಂದು ವರ್ಷದ ಹುಡುಗನಿಗೆ ಏನಾದರೂ ನೆನಪಿರಲೇಬೇಕು ಅಲ್ವಾ? ಪಟ್ಟಿ ಮಾಡದಿದ್ದರೆ ಈ ಪ್ರಶ್ನೆ ನಿಮಗೆ ಬರುವುದೇ ಇಲ್ಲ. ಓದುಗರಿಗೆ ಮಾತ್ರ ಖಂಡಿತ ಬರುತ್ತದೆ.

ಹಂತ 2: ಕಾಯುವ ಕೆಲಸವನ್ನು ಹಂಚಿ

ಈಗ ಇನ್ನೊಂದು ಹಾಳೆ ತೆಗೆದುಕೊಳ್ಳಿ. ಆ ಹನ್ನೊಂದು ವರ್ಷ ಏನೇನು ಕೆಲಸ ನಡೆಯಬೇಕಿತ್ತು, ಬರೆಯಿರಿ. ಮಹಡಿಗೆ ಊಟ ಹೋಗಬೇಕು. ಪಾತ್ರೆ ವಾಪಸ್ ಬರಬೇಕು. ಬಟ್ಟೆ ಒಗೆಯಬೇಕು, ಆದರೆ ಎಲ್ಲರ ಕಣ್ಣಿಗೆ ಬೀಳುವಲ್ಲಿ ಒಣಗಿಸುವ ಹಾಗಿಲ್ಲ. ಕೆಮ್ಮು ಕೇಳಿಸಬಾರದು. ನೆಂಟರು ಬಂದರೆ ಮಹಡಿಯಲ್ಲಿ ಮಲಗಿಸಬಾರದು. ಸುಳ್ಳು ಮರಣಪತ್ರ ಬರೆದುಕೊಟ್ಟ ಡಾಕ್ಟರಿಗೆ ಏನೋ ಸಂದಾಯ ಆಗಬೇಕು. ಮಕ್ಕಳು ಮೇಲೆ ಹೋಗದಂತೆ ತಡೆಯಬೇಕು.

ಒಂದೊಂದು ಕೆಲಸದ ಎದುರೂ ಒಬ್ಬರ ಹೆಸರು ಹಾಕಿ. ಊಟ ಒಯ್ಯುತ್ತಿದ್ದವಳು ಕೆಲಸದಾಕೆ. ಲೆಕ್ಕ ಬರೆಯುತ್ತಿದ್ದವನು ಮುತ್ತಜ್ಜ. ಮಕ್ಕಳನ್ನು ತಡೆಯುತ್ತಿದ್ದವಳು ಅಜ್ಜಿ. ಹೇಗೆ? ಮೇಲೆ ದೆವ್ವ ಇದೆ ಅಂತ ಹೇಳಿ.

ನೋಡಿ, ದೆವ್ವ ತಾನಾಗಿ ಬಂತು. ಅದನ್ನು ಹೊರಗಿಂದ ತಂದು ಅಂಟಿಸಬೇಕಾಗಲಿಲ್ಲ. ಆ ಮನೆಯಲ್ಲಿ ಮೂರು ತಲೆಮಾರು ಹೆದರಿಕೊಂಡು ಬಂದ ದೆವ್ವ, ಗುಟ್ಟನ್ನು ಕಾಯಲು ಅಜ್ಜಿ ಕಟ್ಟಿದ ಸುಳ್ಳು. ಅಪ್ಪ ಚಿಕ್ಕವನಿದ್ದಾಗ ಕಿಟಕಿಯಲ್ಲಿ ಕಂಡ ಹೆಂಗಸು ಅವನ ಸ್ವಂತ ತಾಯಿ. ಅವನು ಅವಳಿಗೆ ಹೆದರಿ ಓಡಿಹೋಗುತ್ತಿದ್ದ. ಅವಳು ಅದನ್ನು ನೋಡುತ್ತಿದ್ದಳು. ಕಾದಂಬರಿಯ ಅತ್ಯಂತ ನೋವಿನ ಜಾಗ ಇದೇ. ಸಿಕ್ಕಿದ್ದು ಊಟ, ಬಟ್ಟೆ, ಪಾತ್ರೆಯ ಪಟ್ಟಿ ಮಾಡಿದ್ದರಿಂದ.

ಈ ಹಂತದಲ್ಲಿ ಅವಸರ ಬೇಡ. ಸಾಧ್ಯವಾದರೆ ಒಂದು ವಾರ ಇದರ ಜೊತೆಗೇ ಇರಿ. ಕಾಯುವ ಕೆಲಸದ ಪ್ರತಿ ವಿವರವೂ ಮುಂದೆ ಒಂದು ಸುಳಿವು, ಒಂದು ಪಾತ್ರ ಅಥವಾ ಒಂದು ದೃಶ್ಯ ಆಗುತ್ತದೆ.

ಹಂತ 3: ಈಗಲೇ ಯಾಕೆ?

ಐವತ್ತು ವರ್ಷ ಸುಮ್ಮನಿದ್ದ ಗುಟ್ಟು ಈ ವಾರವೇ ಯಾಕೆ ಅಲುಗಾಡಬೇಕು? ಸಾವು, ಉಯಿಲು, ಮನೆ ಮಾರಾಟ, ದುರಸ್ತಿ, ಮದುವೆ, ವಂಶಾವಳಿ ಹುಡುಕುವ ಹವ್ಯಾಸ, ಮನೆಯಲ್ಲೇ ಮಾಡುವ ಡಿಎನ್‌ಎ ಪರೀಕ್ಷೆ, ಇವು ಎಲ್ಲರೂ ಬಳಸುವ ಕಾರಣಗಳು. ಯಾವುದಾದರೂ ಆಗುತ್ತದೆ. ಒಂದೇ ಷರತ್ತು: ಆ ಘಟನೆಯಿಂದ ಕಾಯುವವರಿಗೆ ಕೆಲಸ ಹೆಚ್ಚಬೇಕು. ಹಿತ್ತಲಲ್ಲಿ ಗೋಡೆ ಕಟ್ಟುವುದು ಬೇಡ ಅಂತ 82ರ ಅಜ್ಜಿ ಕಾರಣ ಹೇಳದೆ ಹಟ ಹಿಡಿಯುತ್ತಾಳೆ. ಮನೆಯವರು ವಯಸ್ಸಾಯಿತು ಅಂತ ನಕ್ಕು ಕೆಲಸ ಶುರು ಮಾಡುತ್ತಾರೆ. ಮೊದಲ ಅಧ್ಯಾಯಕ್ಕೆ ಅಷ್ಟು ಸಾಕು.

ಹಂತ 4: ಯಾರಿಗೆ ಎಷ್ಟು ಗೊತ್ತು

ಹೊಸಬರು ಸಾಮಾನ್ಯವಾಗಿ ಮನೆಯವರನ್ನು ಎರಡು ಗುಂಪು ಮಾಡುತ್ತಾರೆ. ಎಲ್ಲ ಗೊತ್ತಿರುವವರು, ಏನೂ ಗೊತ್ತಿಲ್ಲದವರು. ಹಾಗಾದಾಗ ಗೊತ್ತಿರುವವರು ಮುನ್ನೂರು ಪುಟ ಬಾಯಿ ಮುಚ್ಚಿಕೊಂಡು ಕೂರಬೇಕಾಗುತ್ತದೆ. ಓದುಗರಿಗೆ ಸಿಟ್ಟು ಬರುತ್ತದೆ. ಒಬ್ಬರು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಅನ್ನಿಸುತ್ತದೆ.

ನಿಜವಾದ ಕುಟುಂಬದಲ್ಲಿ ಹಾಗಿರುವುದಿಲ್ಲ. ಪ್ರತಿಯೊಬ್ಬರ ಹತ್ತಿರ ಒಂದೊಂದು ತುಂಡು ಇರುತ್ತದೆ. ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡಿರುತ್ತಾರೆ. ನಮ್ಮ ಕಥೆಯಲ್ಲಿ ಅಜ್ಜಿಗೆ ಪೂರ್ತಿ ಗೊತ್ತು. ತೀರಿಹೋದ ಅಜ್ಜನಿಗೆ ಮಗು ತನ್ನದಲ್ಲ ಅಂತ ಗೊತ್ತಿತ್ತು. ದೊಡ್ಡಜ್ಜಿ ಸತ್ತ ವಾರ ಊರಲ್ಲಿರದಿದ್ದ ಅವನಿಗೆ ಡಾಕ್ಟರನ್ನು ಕರೆಯಲಿಲ್ಲ ಅನ್ನುವುದು ಕೊನೆಯವರೆಗೂ ಗೊತ್ತಾಗಲಿಲ್ಲ. ಕೆಲಸದಾಕೆಯ ಮಗಳಿಗೆ ತನ್ನ ಅಮ್ಮ ಮಹಡಿಗೆ ತಟ್ಟೆ ಒಯ್ಯುತ್ತಿದ್ದದ್ದು ನೆನಪಿದೆ. ಮೇಲೆ ಯಾರೋ ಬುದ್ಧಿ ಸರಿಯಿಲ್ಲದವರು ಇದ್ದರು ಅಂತ ಅವಳ ಊಹೆ. ಚಿಕ್ಕಪ್ಪನಿಗೆ ಗೊತ್ತಿರುವುದು ಒಂದೇ: ಅಮ್ಮ ಯಾವಾಗಲೂ ಅಣ್ಣನ ಪರ. ಅವನ ಲೆಕ್ಕದಲ್ಲಿ ಅದು ಆಸ್ತಿಯ ವಿಷಯ. ಅಪ್ಪನ ಹತ್ತಿರ ಕಿಟಕಿಯ ಹೆಂಗಸಿನ ನೆನಪಿದೆ, ಅದಕ್ಕೆ ದೆವ್ವ ಅಂತ ಹೆಸರು.

ಇಲ್ಲಿ ಯಾರೂ ಬೇಕೆಂದು ಮುಚ್ಚಿಡುತ್ತಿಲ್ಲ, ಅಜ್ಜಿಯನ್ನು ಬಿಟ್ಟು. ಕೇಳಿದರೆ ಹೇಳುತ್ತಾರೆ. ಹೇಳಿದ್ದು ನಿಜ, ಅರ್ಥ ಮಾತ್ರ ತಪ್ಪು. ಕಥೆ ಬಿಡಿಸುವ ಮೊಮ್ಮಗಳ ಕೆಲಸ ಬಾಯಿ ಬಿಡಿಸುವುದಲ್ಲ, ತುಂಡುಗಳನ್ನು ಜೋಡಿಸುವುದು.

ಹಂತ 5: ಮನೆಯ ನಕ್ಷೆ ಬಿಡಿಸಿ

ಕಾಗದದ ಮೇಲೆ ಮನೆಯನ್ನು ನಿಜವಾಗಿ ಬಿಡಿಸಿ. ಮೆಟ್ಟಿಲು ಎಲ್ಲಿ, ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ, ಮಹಡಿಯ ಹಿಂದಿನ ಕಿಟಕಿಯಿಂದ ಏನು ಕಾಣುತ್ತದೆ. ನಮ್ಮ ಕಥೆಯಲ್ಲಿ ಆ ಕಿಟಕಿಯಿಂದ ಮಕ್ಕಳು ಆಡುವ ಅಂಗಳ ಕಾಣಲೇಬೇಕು, ರಸ್ತೆ ಕಾಣಬಾರದು. ಹಾಗಾದರೆ ಕೋಣೆ ಯಾವ ದಿಕ್ಕಿಗಿರಬೇಕು ಅನ್ನುವುದು ತಾನೇ ತೀರ್ಮಾನ ಆಗುತ್ತದೆ.

ಗುಪ್ತ ದಾರಿಗಳ ಮೇಲೆ ಜಾಸ್ತಿ ಆಸೆ ಬೇಡ. ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದರು. ಅದರಲ್ಲಿ ಒಂದು: ಗುಪ್ತ ಕೋಣೆ ಅಥವಾ ಗುಪ್ತ ದಾರಿ ಒಂದಕ್ಕಿಂತ ಹೆಚ್ಚು ಇರಬಾರದು. ಇನ್ನೊಂದು: ಅವಳಿಗಳನ್ನು ತರುವುದಾದರೆ ಓದುಗರನ್ನು ಮೊದಲೇ ಅದಕ್ಕೆ ಸಿದ್ಧ ಮಾಡಿರಬೇಕು. ಕುಟುಂಬ ರಹಸ್ಯ ಬರೆಯುವವರಿಗೆ ಈ ಎರಡೂ ಇವತ್ತಿಗೂ ಸಲ್ಲುತ್ತವೆ. ಅತಿಮಾನುಷ ಶಕ್ತಿ ಬೇಡವೇ ಬೇಡ ಅನ್ನುವ ಅವರ ಕಟ್ಟಳೆಯನ್ನು ಮಾತ್ರ ಗೋಥಿಕ್ ಬರೆಯುವವರು ಪಾಲಿಸುವುದು ಕಷ್ಟ.

ಬೀಗ ಹಾಕಿದ ಕೋಣೆ, ಒಳಗೊಬ್ಬ ಹೆಂಗಸು, ಇದು ಬಹಳ ಸವೆದ ಸರಕು. ನಿಜ. ಹಾಗಂತ ಬಿಡಬೇಕಾಗಿಲ್ಲ. ಒಂದು ವಿವರವನ್ನು ತಿರುಗಿಸಿ ನೋಡಿ. ನಮ್ಮ ಕೋಣೆಯ ಬಾಗಿಲಿಗೆ ಚಿಲಕ ಇರುವುದು ಒಳಗಡೆ. ಹೊರಗಡೆ ಬೀಗದ ಗುರುತೂ ಇಲ್ಲ. ಅವಳನ್ನು ಯಾರೂ ಕೂಡಿಹಾಕಿರಲಿಲ್ಲ. ಈ ಒಂದು ಚಿಲಕದಿಂದ ಇಡೀ ಕಥೆಯ ಅರ್ಥ ಬದಲಾಗುತ್ತದೆ.

ಹಂತ 6: ಭಯ ಮತ್ತು ದೆವ್ವ

ಆನ್ ರ‍್ಯಾಡ್‌ಕ್ಲಿಫ್ ಎಂಬ ಗೋಥಿಕ್ ಕಾದಂಬರಿಗಾರ್ತಿ ತೀರಿಕೊಂಡ ಮೇಲೆ, 1826ರಲ್ಲಿ, ಅವರ ಒಂದು ಬರಹ ಅಚ್ಚಾಯಿತು. ಅದರಲ್ಲಿ ಅವರು ಭಯವನ್ನು ಎರಡಾಗಿ ಬೇರೆ ಮಾಡುತ್ತಾರೆ. ಒಂದು, ಇನ್ನೂ ಕಾಣದಿರುವುದರ ಭಯ. ಅದು ಮನಸ್ಸನ್ನು ಹಿಗ್ಗಿಸಿ ಎಚ್ಚರಿಸುತ್ತದೆ. ಇನ್ನೊಂದು, ಕಣ್ಣೆದುರು ಬಂದು ನಿಂತದ್ದರ ಭಯ. ಅದು ಮನಸ್ಸನ್ನು ಕುಗ್ಗಿಸಿ ಮರಗಟ್ಟಿಸುತ್ತದೆ. ಕುಟುಂಬ ರಹಸ್ಯಕ್ಕೆ ಬೇಕಾದದ್ದು ಬಹುಪಾಲು ಮೊದಲನೆಯದು. ಎರಡನೆಯದನ್ನು ಇಡೀ ಕಾದಂಬರಿಯಲ್ಲಿ ಒಂದೆರಡು ಸಲ ಬಳಸಿ, ಸಾಕು. ಎಲುಬು ಸಿಗುವ ದೃಶ್ಯ ಅಂಥದ್ದು.

ದೆವ್ವ ನಿಜವಾಗಿ ಇದೆಯೋ ಇಲ್ಲವೋ ಅನ್ನುವುದನ್ನು ಬರೆಯುವ ಮೊದಲೇ ನೀವು ತೀರ್ಮಾನಿಸಿ. ಓದುಗರಿಗೆ ಹೇಳಬೇಕಾಗಿಲ್ಲ. ನಿಮಗೆ ಗೊತ್ತಿರಬೇಕು. ಇಲ್ಲ ಅನ್ನುವುದಾದರೆ ಪ್ರತಿ ಸದ್ದಿಗೂ ಒಂದು ಕಾರಣ ಬೇಕು. ಕಾರಣಗಳಿಗೇನೂ ಬರ ಇಲ್ಲ. ಹಗಲು ಕಾದ ಮರ ರಾತ್ರಿ ತಣ್ಣಗಾಗಿ ಕುಗ್ಗುವಾಗ ಲಟ್ ಲಟ್ ಅನ್ನುತ್ತದೆ. ಮರದ ಮೆಟ್ಟಿಲಾದರೆ ಯಾರೋ ಹತ್ತಿದಂತೆಯೇ ಕೇಳುತ್ತದೆ. ಇನ್ನೂ ವಿಚಿತ್ರವಾದ ಉದಾಹರಣೆ ಇದೆ. ಅಮೆರಿಕದ ಕಣ್ಣಿನ ಡಾಕ್ಟರ್ ವಿಲಿಯಂ ವಿಲ್ಮರ್ 1921ರಲ್ಲಿ ಒಂದು ಕುಟುಂಬದ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆ ಮನೆಯವರಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಯಾರೋ ಬಂದು ನಿಂತಂತೆ ಕಾಣುತ್ತಿತ್ತು. ಕಾರಣ, ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಅದರಿಂದ ಒಳಗೆ ಸೋರುತ್ತಿದ್ದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ.

ಆದರೆ ಒಂದು ಎಚ್ಚರಿಕೆ. ಕೊನೆಯಲ್ಲಿ ಎಲ್ಲದಕ್ಕೂ ವಿಜ್ಞಾನದ ವಿವರಣೆ ಕೊಟ್ಟು ಕೈ ತೊಳೆದುಕೊಂಡರೆ ಓದುಗರಿಗೆ ಮೋಸ ಹೋದಂತೆ ಅನ್ನಿಸುತ್ತದೆ. ವಿವರಣೆ ಭಯವನ್ನು ಅಳಿಸಬಾರದು, ಬೇರೆ ಜಾಗಕ್ಕೆ ದಾಟಿಸಬೇಕು. ಕಿಟಕಿಯ ದೆವ್ವ ತಾಯಿ ಅಂತ ಗೊತ್ತಾದಾಗ ದೆವ್ವದ ಭಯ ಹೋಗುತ್ತದೆ, ಅದಕ್ಕಿಂತ ಕೆಟ್ಟದ್ದು ಬರುತ್ತದೆ.

ಹಂತ 7: ಕಥೆ ಹೇಳುವವರು

ಮನೆಗೆ ಹೊಸದಾಗಿ ಬಂದ ಸೊಸೆ, ದೂರದಿಂದ ಮರಳಿದ ಮೊಮ್ಮಗಳು, ಕಾಗದಪತ್ರ ಜೋಡಿಸಲು ಬಂದ ಹೊರಗಿನವರು, ಇವರಲ್ಲಿ ಯಾರಾದರೂ ಆಗಬಹುದು. ಹೊರಗಿನವರಿಗೆ ಪ್ರಶ್ನೆ ಕೇಳುವುದು ಸುಲಭ, ಒಳಗಿನವರಿಗೆ ಉತ್ತರ ಸಿಕ್ಕಾಗ ನೋವು ಜಾಸ್ತಿ. ನನ್ನ ಒಲವು ಒಳಗಿನವರ ಕಡೆ. ಉತ್ತರ ಸಿಕ್ಕರೆ ತನ್ನದೇ ಏನೋ ಕಳೆದುಹೋಗುತ್ತದೆ ಅನ್ನುವ ಹಾಗಿರಬೇಕು. ನಮ್ಮ ಮೊಮ್ಮಗಳು ಸತ್ಯ ಹುಡುಕಿದರೆ ತನ್ನನ್ನು ಎತ್ತಿ ಆಡಿಸಿದ ಅಜ್ಜಿಯನ್ನು ಕಳೆದುಕೊಳ್ಳುತ್ತಾಳೆ.

ಹಳೆಯ ಡೈರಿ ಸಿಕ್ಕಿತು, ಅದರಲ್ಲಿ ಎಲ್ಲ ಬರೆದಿತ್ತು ಅನ್ನುವ ದಾರಿ ಹಿಡಿಯಬೇಡಿ. ಸಿಕ್ಕ ಹಸ್ತಪ್ರತಿಯ ಉಪಾಯ ಈ ಪ್ರಕಾರದಷ್ಟೇ ಹಳೆಯದು. ವಾಲ್‌ಪೋಲ್ ಕೂಡ ಮೊದಲ ಮುದ್ರಣದಲ್ಲಿ ತಮ್ಮ ಹೆಸರು ಹಾಕದೆ, ಹಳೆಯ ಕುಟುಂಬವೊಂದರ ಗ್ರಂಥಾಲಯದಲ್ಲಿ ಸಿಕ್ಕ ಇಟಾಲಿಯನ್ ಪುಸ್ತಕದ ಅನುವಾದ ಅಂತ ಹೇಳಿಕೊಂಡಿದ್ದರು. 1765ರ ಎರಡನೇ ಮುದ್ರಣದಲ್ಲಿ ನಿಜ ಒಪ್ಪಿಕೊಂಡರು. ಡೈರಿಯ ತೊಂದರೆ ಏನೆಂದರೆ ಅದು ಓದುಗರ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಅದಕ್ಕಿಂತ ಲೆಕ್ಕದ ಪುಸ್ತಕ ಎಷ್ಟೋ ವಾಸಿ. ಮುತ್ತಜ್ಜ ಭಾವನೆ ಬರೆಯುವುದಿಲ್ಲ, ಖರ್ಚು ಬರೆಯುತ್ತಾನೆ. 1951ರ ನಂತರ ಕೆಲಸದಾಕೆಯ ಸಂಬಳ ಇದ್ದಕ್ಕಿದ್ದಂತೆ ಹೆಚ್ಚಾಗಿದೆ. ಡಾಕ್ಟರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಒಂದು ಮೊತ್ತ, ಆದರೆ ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ. 1963ರಲ್ಲಿ ಎರಡೂ ನಿಂತಿವೆ.

ಹಂತ 8: ಸುಳಿವುಗಳ ಸರಪಳಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಒಂದೊಂದು ಸುಳಿವೂ ಹಿಂದಿನ ಒಂದು ನಂಬಿಕೆಯನ್ನು ಮುರಿಯಬೇಕು. ಬರೀ ಮಾಹಿತಿ ಸೇರಿಸಿದರೆ ಸಾಲದು.

ಎಲುಬಿನಿಂದ ಶುರು ಮಾಡೋಣ. ಕೊರಳೆಲುಬಿನ (ಕಾಲರ್ ಬೋನ್) ಒಳತುದಿ ಪೂರ್ತಿ ಕೂಡಿಕೊಳ್ಳುವುದು ಸಾಮಾನ್ಯವಾಗಿ ಇಪ್ಪತ್ತರ ದಶಕದ ಕೊನೆಯ ಹೊತ್ತಿಗೆ. ಸಿಕ್ಕ ಎಲುಬಿನಲ್ಲಿ ಅದು ಪೂರ್ತಿ ಕೂಡಿದೆ. ಹೆಂಗಸು, ಮೂವತ್ತರ ಆಸುಪಾಸು ಅಥವಾ ಮೇಲೆ, ಅಂತ ತಜ್ಞರು ಹೇಳುತ್ತಾರೆ. ದಾಖಲೆಯ ಪ್ರಕಾರ ದೊಡ್ಡಜ್ಜಿ ಸತ್ತದ್ದು 21ಕ್ಕೆ. ಹಾಗಾಗಿ ಅವಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಒಂದು ನಿಜವಾದ ವೈಜ್ಞಾನಿಕ ಸಂಗತಿಯೇ ಓದುಗರನ್ನು ದಾರಿ ತಪ್ಪಿಸುತ್ತದೆ. ದಾರಿ ತಪ್ಪಿಸುವ ಸುಳಿವು ಹೀಗಿರಬೇಕು: ಅದು ಸುಳ್ಳಲ್ಲ, ನಾವು ಸುಳ್ಳು ದಾಖಲೆಯ ಪಕ್ಕದಲ್ಲಿಟ್ಟು ಓದುತ್ತಿದ್ದೇವೆ.

ಎರಡನೆಯದು ರಕ್ತದ ಗುಂಪು. ಹಳೆಯ ಆಸ್ಪತ್ರೆ ಚೀಟಿಗಳಲ್ಲಿ ಅಜ್ಜ ಒ, ಅಜ್ಜಿ ಒ, ಅಪ್ಪ ಎ. ಒ ಗುಂಪಿನ ಇಬ್ಬರಿಗೆ ಎ ಗುಂಪಿನ ಮಗು ಹುಟ್ಟುವುದಿಲ್ಲ, ಬಹಳ ಅಪರೂಪದ ಅಪವಾದ ಬಿಟ್ಟರೆ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳ ಬಗ್ಗೆ ಪ್ರಕಟಿಸಿದ್ದರಿಂದ, ನಿಮ್ಮ ಕಥೆ ಇಪ್ಪತ್ತನೇ ಶತಮಾನದ ನಡುವಿನಲ್ಲೇ ನಡೆದರೂ ಇದನ್ನು ಬಳಸಬಹುದು. ಡಿಎನ್‌ಎ ಬೆರಳಚ್ಚಿನ, ಅಂದರೆ ಡಿಎನ್‌ಎ ನೋಡಿ ಮನುಷ್ಯರನ್ನು ಗುರುತಿಸುವ, ವಿಧಾನವನ್ನು ಅಲೆಕ್ ಜೆಫ್ರಿಸ್ ಕಂಡುಕೊಂಡದ್ದು 1984ರಲ್ಲಿ. ಅದಕ್ಕಿಂತ ಹಿಂದಿನ ಕಥೆಗೆ ಡಿಎನ್‌ಎ ಇಲ್ಲ.

ಇಲ್ಲಿ ಮನೆಯವರು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಅಜ್ಜನಿಗೆ ಬೇರೊಬ್ಬಳ ಸಂಬಂಧ ಇತ್ತು. ಅಪ್ಪ ಅವಳ ಮಗ. ಅವಳನ್ನು ಕೊಂದು ಹಿತ್ತಲಲ್ಲಿ ಹೂತರು. ಎಲುಬಿನ ವಯಸ್ಸಿಗೆ, ರಕ್ತದ ಗುಂಪಿಗೆ, ಅಜ್ಜಿಯ ಮೌನಕ್ಕೆ ಎಲ್ಲಕ್ಕೂ ಇದು ಹೊಂದುತ್ತದೆ. ಚಿಕ್ಕಪ್ಪನಿಗೆ ಅನುಕೂಲವೂ ಹೌದು. ತಪ್ಪು ಉತ್ತರ ಇಷ್ಟು ಗಟ್ಟಿ ಇರಬೇಕು. ಯಾರಿಗಾದರೂ ಅದರಿಂದ ಲಾಭವೂ ಇರಬೇಕು.

ಇದನ್ನು ಮುರಿಯುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಅನ್ನುವ ಪುಟ್ಟ ಭಾಗದ ಡಿಎನ್‌ಎ. ಹಳೆಯ ಎಲುಬಿನಲ್ಲೂ ಇದು ಸಿಗುವ ಸಾಧ್ಯತೆ ಹೆಚ್ಚು. ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಎಲುಬಿನದ್ದು ಅಪ್ಪನ ಜೊತೆ ಹೊಂದುತ್ತದೆ, ಸರಿ. ಆದರೆ ಅಜ್ಜಿಯ ಜೊತೆಗೂ ಹೊಂದುತ್ತದೆ. ಹೂತವಳು ಹೊರಗಿನವಳಲ್ಲ, ಅಜ್ಜಿಯ ತಾಯಿಯ ಕಡೆಯ ರಕ್ತ. ಇಲ್ಲಿ ಬರಹಗಾರರು ಹುಷಾರಾಗಿರಬೇಕು. ಅಕ್ಕತಂಗಿಯರಲ್ಲಿ ಇದು ಒಂದೇ ಆಗಿರುವುದರಿಂದ ತಾಯಿ ಯಾರು, ಚಿಕ್ಕಮ್ಮ ಯಾರು ಅಂತ ಈ ಪರೀಕ್ಷೆ ಹೇಳುವುದಿಲ್ಲ. ಪ್ರಯೋಗಾಲಯದ ಒಂದೇ ವರದಿಯಿಂದ ಎಲ್ಲ ಬಗೆಹರಿಸಬೇಡಿ. ವಿಜ್ಞಾನ ಒಂದು ಬಾಗಿಲು ಮುಚ್ಚಲಿ, ಉಳಿದದ್ದನ್ನು ಮನುಷ್ಯರು ಮಾಡಲಿ.

ಕೊನೆಯ ಕೊಂಡಿ ತೀರಾ ಸಣ್ಣದು. 1951ರಿಂದ ಮುಚ್ಚಿದೆ ಅನ್ನುವ ಕೋಣೆಯ ಕಪಾಟಿನ ಅರೆಗೆ ಹಾಸಿದ ಹಳೇ ಪೇಪರ್. ತಾರೀಖು 1959ರದ್ದು. ಅಷ್ಟು ವರ್ಷದ ಮೇಲೂ ಅಲ್ಲಿ ಯಾರೋ ಕಪಾಟು ಓರಣ ಮಾಡಿಕೊಂಡು ಬದುಕಿದ್ದರು. ಹಾಗಾದರೆ ಮರಣಪತ್ರ ಸುಳ್ಳು. ಹಾಗಾದರೆ ಎಲುಬಿನ ವಯಸ್ಸು ಈಗ ಹೊಂದುತ್ತದೆ.

ಸುಳಿವನ್ನು ಬಚ್ಚಿಡುವ ಕ್ರಮವೂ ಒಂದಿದೆ. ಮೊದಲ ಸಲ ಕೋಣೆಗೆ ಹೋದಾಗಲೇ ಪೇಪರನ್ನೂ ಚಿಲಕವನ್ನೂ ತೋರಿಸಿಬಿಡಿ. ಆದರೆ ಐದಾರು ವಸ್ತುಗಳ ನಡುವೆ, ಮೊದಲೂ ಅಲ್ಲ ಕೊನೆಯೂ ಅಲ್ಲ. ಮುಂದಿನ ಸಾಲಿನಲ್ಲೇ ಗಮನ ಸೆಳೆಯುವ ಬೇರೆ ಏನಾದರೂ ಆಗಲಿ, ಕೆಳಗಿಂದ ಯಾರೋ ಕೂಗಲಿ. ಮುಖ್ಯ ಸುಳಿವು ಬೇರೆ ಬೇರೆ ಸಂದರ್ಭದಲ್ಲಿ ಎರಡು ಸಲವಾದರೂ ಕಾಣಿಸಿಕೊಳ್ಳಬೇಕು. ಒಂದೇ ಸಲ ಬಂದರೆ ಓದುಗರು ಮರೆಯುತ್ತಾರೆ, ಆಮೇಲೆ ನಿಮ್ಮನ್ನೇ ಬೈಯುತ್ತಾರೆ.

ಒಂದು ಮಾತು ಬಿಟ್ಟುಹೋಗಬಾರದು. ಹೂಳುವಾಗ ಸುಣ್ಣ ಸುರಿದರೆ ದೇಹ ಕರಗಿಹೋಗುತ್ತದೆ ಅಂತ ಕಥೆಗಳಲ್ಲಿ ಬರುತ್ತಲೇ ಇರುತ್ತದೆ. ವಾಸ್ತವದಲ್ಲಿ ಸುಣ್ಣ ಕೊಳೆಯುವುದನ್ನು ನಿಧಾನ ಮಾಡುತ್ತದೆ. ನಿಮ್ಮ ಪಾತ್ರ ಆ ತಪ್ಪು ನಂಬಿಕೆಯಿಂದ ಸುಣ್ಣ ಸುರಿದರೆ ಅದೇ ಒಳ್ಳೆಯ ತಿರುವು.

ಹಂತ 9: ಅಧ್ಯಾಯಗಳ ಜೋಡಣೆ

80,000 ಪದಗಳ ಕಾದಂಬರಿಗೆ 3,000 ಪದಗಳಂತೆ ಸುಮಾರು 27 ಅಧ್ಯಾಯ. ಎಲುಬು ಮೂರನೆಯದರ ಒಳಗೆ ಸಿಗಲಿ. ಒಂಬತ್ತರ ಹೊತ್ತಿಗೆ ರಕ್ತದ ಗುಂಪು. ಹದಿನೆಂಟರ ಹೊತ್ತಿಗೆ ತಪ್ಪು ಉತ್ತರವನ್ನು ಎಲ್ಲರೂ ಒಪ್ಪಿಕೊಂಡು ನೆಮ್ಮದಿಯಾಗಿರಲಿ. ಆಮೇಲೆ ಅದು ಮುರಿಯಲಿ.

ಹಿಂದಿನ ಕಾಲದ ಅಧ್ಯಾಯಗಳನ್ನು ನಡುನಡುವೆ ಹಾಕಬೇಕೇ? ಹಾಕಬಹುದು. ಆದರೆ ಹಿಂದಿನ ಅಧ್ಯಾಯ ಈಗಿನವರಿಗಿಂತ ಮುಂದೆ ಓಡಬಾರದು. ಮೊಮ್ಮಗಳು ಇನ್ನೂ ಹುಡುಕುತ್ತಿರುವುದು ಓದುಗರಿಗೆ ಆಗಲೇ ಗೊತ್ತಿದ್ದರೆ ಅವಳು ದಡ್ಡಿಯಂತೆ ಕಾಣುತ್ತಾಳೆ. ನನ್ನ ಮಟ್ಟಿಗೆ ಹಿಂದಿನ ಅಧ್ಯಾಯಗಳನ್ನು ಕೆಲಸದಾಕೆಯ ಕಣ್ಣಿನಿಂದ ಬರೆಯುವುದು ಚೆನ್ನ. ತಟ್ಟೆ ಒಯ್ಯುವವಳಿಗೆ ದಿನಚರಿ ಪೂರ್ತಿ ಗೊತ್ತು, ಕಾರಣ ಅರ್ಧ ಮಾತ್ರ ಗೊತ್ತು.

ಹಂತ 10: ಬಯಲಾಗುವ ದೃಶ್ಯ

ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಅಜ್ಜಿಯಿಂದ ಹತ್ತು ಪುಟ ಭಾಷಣ ಮಾಡಿಸಬೇಡಿ. ಅಷ್ಟು ಹೊತ್ತಿಗೆ ಓದುಗರು ಮುಕ್ಕಾಲು ಪಾಲು ಊಹಿಸಿರುತ್ತಾರೆ. ಗೊತ್ತಿರುವುದನ್ನು ಮತ್ತೆ ಹೇಳಿದರೆ ಬಿಗಿ ಹೋಗುತ್ತದೆ. ಮೊಮ್ಮಗಳು ತನಗೆ ಗೊತ್ತಾದದ್ದನ್ನು ಹೇಳಲಿ, ಅಜ್ಜಿ ಒಂದು ಕಡೆ ಮಾತ್ರ ತಿದ್ದಲಿ.

"ಅವಳನ್ನ ಕೂಡಿಹಾಕಿದ್ರಿ ಅಲ್ವಾ ಅಜ್ಜಿ?"

"ಇಲ್ಲ ಮಗಳೇ. ಚಿಲಕ ಅವಳ ಕಡೆ ಇತ್ತು. ಆ ರಾತ್ರಿ ಅವಳೇ ಬಾಗಿಲು ತೆಗೆದು ಡಾಕ್ಟರನ್ನ ಕರಿ ಅಂದ್ಲು. ನಾನು ಹೊರಗಿಂದ ಹಿಡಿದುಕೊಂಡೆ."

ಕೊನೆಯ ವಾಕ್ಯ ಓದುಗರು ಊಹಿಸದ ಕಾಲು ಭಾಗ. ಅದನ್ನು ಈ ದೃಶ್ಯಕ್ಕೇ ಉಳಿಸಿಕೊಳ್ಳಿ. ಬೇರೆ ಯಾವ ಕಾಗದದಲ್ಲೂ, ವರದಿಯಲ್ಲೂ ಅದು ಇರಬಾರದು. ಬದುಕಿರುವ ಒಬ್ಬರ ಬಾಯಿಂದ ಮಾತ್ರ ಬರಬೇಕು.

ಬಯಲಾದ ಮೇಲೆ ಎರಡು ಮೂರು ಅಧ್ಯಾಯ ಉಳಿದಿರಲಿ. 62 ವರ್ಷದ ಗಂಡಸಿಗೆ ತಾನು ಯಾರ ಮಗ ಅಂತ ಈಗ ಗೊತ್ತಾಗಿದೆ. ಅವನು ಅಜ್ಜಿಯನ್ನು ಏನಂತ ಕರೆಯುತ್ತಾನೆ? ಆಸ್ತಿ ಯಾರಿಗೆ? ಪೊಲೀಸರಿಗೆ ಎಷ್ಟು ಹೇಳುತ್ತಾರೆ? ಗುಟ್ಟನ್ನು ಕಾಯುವ ಕೆಲಸ ಈಗ ಮೊಮ್ಮಗಳ ಕೈಗೆ ಬಂತೋ, ಅಲ್ಲಿಗೇ ನಿಂತಿತೋ? ಇಷ್ಟಕ್ಕೆ ಉತ್ತರ ಬರೆಯದೆ ಪುಸ್ತಕ ಮುಚ್ಚಬೇಡಿ.

ಹಂತ 11: ತಿದ್ದುವಾಗ

ಎಲ್ಲವನ್ನೂ ಒಂದೇ ಓದಿನಲ್ಲಿ ತಿದ್ದಲು ಹೋಗಬೇಡಿ. ಒಂದು ಸಲ ತಾರೀಖು ಮತ್ತು ವಯಸ್ಸಿಗಾಗಿ ಮಾತ್ರ ಓದಿ, ಪಟ್ಟಿ ಪಕ್ಕದಲ್ಲಿರಲಿ. ಇನ್ನೊಂದು ಸಲ ಅಜ್ಜಿಯ ಮಾತುಗಳನ್ನಷ್ಟೇ ಮೊದಲಿನಿಂದ ಕೊನೆಯವರೆಗೆ ಓದಿ. ಸತ್ಯ ಗೊತ್ತಿರುವವರಿಗೆ ಅವಳ ಒಂದೊಂದು ಮಾತೂ ಬೇರೆ ಅರ್ಥ ಕೊಡಬೇಕು. ಆದರೆ ಅವಳು ಓದುಗರಿಗೆ ನೇರವಾಗಿ ಸುಳ್ಳು ಹೇಳಿದ ಸಾಲು ಆದಷ್ಟು ಕಡಿಮೆ ಇರಲಿ. ಮಾತು ತಿರುಗಿಸುವುದು, ಅರ್ಧಕ್ಕೆ ನಿಲ್ಲಿಸುವುದು, ಬೇರೆ ಪ್ರಶ್ನೆಗೆ ಉತ್ತರ ಕೊಡುವುದು ಅವಳ ದಾರಿ.

ಮಂಜು, ಗಾಳಿ, ಬಿರುಗಾಳಿ, ಮೇಣದಬತ್ತಿ ಬಂದಲ್ಲೆಲ್ಲ ಗೆರೆ ಎಳೆಯಿರಿ. ಅರ್ಧಕ್ಕರ್ಧ ತೆಗೆಯಬಹುದು. ಉಳಿದ ಜಾಗದಲ್ಲಿ ತಟ್ಟೆ, ಲೆಕ್ಕ, ಒಗೆದ ಬಟ್ಟೆ ಬರಲಿ.

ಆಮೇಲೆ ಕಥೆ ಗೊತ್ತಿಲ್ಲದ ಇಬ್ಬರಿಗೆ ಓದಲು ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಒಂಬತ್ತನೇ ಅಧ್ಯಾಯ ಮುಗಿದಾಗ ಒಮ್ಮೆ, ಹದಿನೆಂಟು ಮುಗಿದಾಗ ಇನ್ನೊಮ್ಮೆ ನಿಲ್ಲಿಸಿ, ಹೂತವಳು ಯಾರು ಅಂತ ಅವರಿಂದ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇಬ್ಬರೂ ಒಂಬತ್ತರಲ್ಲೇ ಸರಿ ಉತ್ತರ ಬರೆದರೆ ಪೇಪರಿನ ತಾರೀಖನ್ನೋ ಚಿಲಕವನ್ನೋ ಜಾಸ್ತಿ ಎತ್ತಿ ತೋರಿಸಿದ್ದೀರಿ, ಅವನ್ನು ಇನ್ನಷ್ಟು ಹಿಂದಕ್ಕೆ ಸರಿಸಿ. ಹದಿನೆಂಟರಲ್ಲಿ ಒಬ್ಬರೂ ಅಜ್ಜನ ಸಂಬಂಧದ ಕಥೆಯನ್ನು ನಂಬದಿದ್ದರೆ ತಪ್ಪು ಉತ್ತರ ಪೊಳ್ಳಾಗಿದೆ. ಚಿಕ್ಕಪ್ಪನಿಗೆ ಇನ್ನೆರಡು ದೃಶ್ಯ ಬರೆಯಿರಿ.